ಮಾರ್ಪಡಿಸಿದ ಹಳೆಯ ಜೀಪಿಗೆ ನ್ಯಾಯವಾದ ಬೆಲೆ ಎಷ್ಟು?

2025ರ ಸೆಪ್ಟೆಂಬರ್ 22ರಿಂದ ಹೊಸ ವಾಹನಗಳ ಜಿಎಸ್‌ಟಿ ದರ ಬದಲಾಯಿತು. ದೊಡ್ಡ ಎಂಜಿನ್ನಿನ ಗಾಡಿಗಳ ಮೇಲೆ ಸೆಸ್ ಸೇರಿ ಶೇಕಡಾ 50ರ ಆಸುಪಾಸಿನಲ್ಲಿದ್ದ ತೆರಿಗೆ ಶೇಕಡಾ 40ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದರೆ ಹಳೆಯದರ ಬೆಲೆಯೂ ಇಳಿಯಬೇಕೆಂಬುದು ಸರಳ ತರ್ಕ. ಆದರೆ ಬಳ್ಳಾರಿ, ಹೊಸಪೇಟೆ, ಗಂಗಾವತಿ, ರಾಯಚೂರುಗಳಲ್ಲಿ ಮಾರಾಟಕ್ಕೆ ನಿಂತಿರುವ ಎತ್ತರಿಸಿದ ಜೀಪುಗಳ ಮತ್ತು ಪಿಕಪ್‌ಗಳ ವಿಷಯದಲ್ಲಿ ಈ ತರ್ಕ ಅಷ್ಟು ಸುಲಭವಾಗಿ ಕೆಲಸ ಮಾಡುವುದಿಲ್ಲ. ಒಂದೇ ವರ್ಷದ, ಒಂದೇ ಮಾದರಿಯ ಎರಡು ಗಾಡಿಗಳಿಗೆ ಎರಡು ಮೂರು ಲಕ್ಷ ರೂಪಾಯಿಗಳ ಅಂತರವಿಟ್ಟು ಬೆಲೆ ಹೇಳಲಾಗುತ್ತದೆ. ಅಂತರ ಯಾಕೆಂದು ಕೇಳಿದರೆ ಮಾರುವವರು ಟೈರು, ವಿಂಚ್, ಬಂಪರ್‌ಗಳತ್ತ ಕೈ ತೋರಿಸುತ್ತಾರೆ. ಆ ಅಂತರದಲ್ಲಿ ಕೊಡಬೇಕಾದದ್ದು ಎಷ್ಟು, ಕೊಡಬಾರದ್ದು ಎಷ್ಟು ಎಂಬುದನ್ನು ಮೊದಲ ಸಲ ಇಂಥ ಗಾಡಿ ನೋಡಲು ಹೊರಟವರಿಗಾಗಿ ಇಲ್ಲಿ ಬಿಡಿಸಿ ಹೇಳಲಾಗಿದೆ.

ಮೊದಲು ಪದಗಳ ಪರಿಚಯ

ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ನಾಲ್ಕು ಚಕ್ರಗಳಿಗೂ ಹೋಗುವ ವ್ಯವಸ್ಥೆಯಿದ್ದರೆ ಅದು ಫೋರ್ ಬೈ ಫೋರ್. ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ, ಗೇರ್ ಬಾಕ್ಸಿಗೆ ಅಂಟಿಕೊಂಡಿರುವ ಇನ್ನೊಂದು ಪೆಟ್ಟಿಗೆಗೆ ಟ್ರಾನ್ಸ್‌ಫರ್ ಕೇಸ್ ಎಂದು ಹೆಸರು. ಆಕ್ಸಲಿನ ನಡುವೆ ಗುಂಡಗೆ ಉಬ್ಬಿಕೊಂಡಿರುವ ಭಾಗ ಡಿಫರೆನ್ಷಿಯಲ್. ತಿರುವಿನಲ್ಲಿ ಎಡಬಲದ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಅವಕಾಶ ಮಾಡಿಕೊಡುವುದು ಅದೇ.

ನಮ್ಮ ಕಡೆ ಹೆಚ್ಚಾಗಿ ಕೈಬದಲಾಗುವ ಇಂಥ ಗಾಡಿಗಳೆಂದರೆ ಮಾರುತಿ ಜಿಪ್ಸಿ, 2010ರಲ್ಲಿ ಬಂದ ಮೊದಲ ಪೀಳಿಗೆಯ ಮಹೀಂದ್ರ ಥಾರ್, 2020ರ ಅಕ್ಟೋಬರಿನಲ್ಲಿ ಬಂದ ಎರಡನೆಯ ಪೀಳಿಗೆಯ ಥಾರ್, ಫೋರ್ಸ್ ಗೂರ್ಖಾ, ಇಸುಜು ವಿ-ಕ್ರಾಸ್ ಪಿಕಪ್ ಮತ್ತು ಇವೆಲ್ಲಕ್ಕೂ ಹಿಂದಿನ ಮಹೀಂದ್ರ ಜೀಪುಗಳು. ಕಾರ್ಖಾನೆಯಿಂದ ಬಂದ ರೂಪಕ್ಕೆ ಮಾಲೀಕರು ಮಾಡಿಸಿಕೊಂಡ ಯಾವುದೇ ಬದಲಾವಣೆಯನ್ನು ಇಲ್ಲಿ ಮಾರ್ಪಾಡು ಎಂದು ಕರೆಯಲಾಗಿದೆ. ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್, ದೊಡ್ಡ ಟೈರು, ಸಿಕ್ಕಿಹಾಕಿಕೊಂಡಾಗ ತನ್ನನ್ನು ತಾನೇ ಎಳೆದುಕೊಳ್ಳಲು ಮುಂದೆ ಕೂರಿಸುವ ವಿಂಚ್, ಎಂಜಿನ್ನಿಗೆ ಮೇಲಿನಿಂದ ಗಾಳಿ ಎಳೆದುಕೊಡುವ ಸ್ನಾರ್ಕೆಲ್ ಕೊಳವೆ, ಉಕ್ಕಿನ ಬಂಪರ್, ಸಾಲು ದೀಪಗಳು, ಬದಲಿಸಿದ ಸೀಟುಗಳು ಎಲ್ಲವೂ ಇದರಲ್ಲಿ ಬರುತ್ತವೆ.

ಬಿಲ್ಲುಗಳನ್ನು ಕೂಡಿದರೆ ಬೆಲೆಯಾಗುವುದಿಲ್ಲ

ಮಾರುವವರು ಸಾಮಾನ್ಯವಾಗಿ ಮಾಡುವ ಲೆಕ್ಕ ಇಷ್ಟೇ: ಗಾಡಿಯ ಬೆಲೆ, ಅದರ ಮೇಲೆ ಹಾಕಿದ ಖರ್ಚು. ಅವರ ಕೈಯಿಂದ ಹಣ ನಿಜವಾಗಿಯೂ ಹೋಗಿದೆ, ಆದ್ದರಿಂದ ಈ ಲೆಕ್ಕದಲ್ಲಿ ಮೋಸವಿದೆ ಎನ್ನುವಂತಿಲ್ಲ. ಆದರೆ ಹೊಲಿಸಿದ ರವಿಕೆಯನ್ನು ನೆನೆಯಿರಿ. ಬಟ್ಟೆ ಒಳ್ಳೆಯದು, ಹೊಲಿಗೆ ಅಚ್ಚುಕಟ್ಟು, ಕೂಲಿಯೂ ದುಬಾರಿ; ಹೀಗಿದ್ದರೂ ಅದು ಒಬ್ಬರ ಅಳತೆಗೆ ಕತ್ತರಿಸಿದ್ದು. ಅದೇ ಅಳತೆಯ ಇನ್ನೊಬ್ಬರು ಸಿಕ್ಕರೆ ಮಾತ್ರ ಅದಕ್ಕೆ ಬೆಲೆ, ಸಿಗದಿದ್ದರೆ ಹೊಲಿಯದ ಬಟ್ಟೆಗೇ ಹೆಚ್ಚು ಬೆಲೆ. ಮಾರ್ಪಡಿಸಿದ ಜೀಪಿನ ಸ್ಥಿತಿಯೂ ಹೆಚ್ಚು ಕಡಿಮೆ ಇದೇ. ಒಂದೊಂದು ಬದಲಾವಣೆಯೂ ಕೊಳ್ಳುವವರ ಸಂಖ್ಯೆಯನ್ನು ಕಡಿಮೆ ಮಾಡುತ್ತಾ ಹೋಗುತ್ತದೆ; ಹೊಲಕ್ಕೂ ಮನೆಗೂ ಒಂದೇ ಗಾಡಿ ಬೇಕೆನ್ನುವ ಸಿಂಧನೂರಿನ ರೈತರಿಗೆ ಆರು ಇಂಚು ಅಗಲದ ದೀಪದ ಸಾಲು ಬೇಡ, ವಯಸ್ಸಾದವರು ಹತ್ತಲಾಗದಷ್ಟು ಎತ್ತರವೂ ಬೇಡ.

ಹಾಗಾಗಿ ಲೆಕ್ಕಕ್ಕೆ ಎರಡು ಗಡಿಗಳನ್ನು ಹಾಕಿಕೊಳ್ಳುವುದು ಒಳ್ಳೆಯದು. ಅದೇ ವರ್ಷದ ಮಾರ್ಪಾಡಿಲ್ಲದ ಗಾಡಿಯನ್ನು ಕೊಂಡು, ಈ ಎಲ್ಲ ಕೆಲಸವನ್ನೂ ನೀವೇ ಇಂದು ಮಾಡಿಸಿದರೆ ಆಗುವ ಒಟ್ಟು ಖರ್ಚು ಮೇಲಿನ ಗಡಿ. ಅದನ್ನು ದಾಟಿ ಕೊಡಲು ಯಾವ ಕಾರಣವೂ ಇಲ್ಲ. ಮಾರ್ಪಾಡಿಲ್ಲದ ಗಾಡಿಯ ಬೆಲೆಯಲ್ಲಿ ಈ ಗಾಡಿಗೆ ಬೇಕಾದ ರಿಪೇರಿಯನ್ನೂ ಮೂಲರೂಪಕ್ಕೆ ತರುವ ಖರ್ಚನ್ನೂ ಕಳೆದರೆ ಉಳಿಯುವುದು ಕೆಳಗಿನ ಗಡಿ. ನ್ಯಾಯವಾದ ಬೆಲೆ ಇವೆರಡರ ನಡುವೆ, ನಾನು ಕಂಡಂತೆ ಕೆಳಗಿನ ಗಡಿಗೇ ಹತ್ತಿರವಾಗಿ ಇರುತ್ತದೆ.

ಮೂಲಬೆಲೆ ಹಿಡಿಯುವುದು

ಮಾರ್ಪಾಡಿಲ್ಲದ, ಅದೇ ವರ್ಷದ, ಅದೇ ಎಂಜಿನ್ನಿನ ಗಾಡಿಗಳ ಎಂಟು ಹತ್ತು ಜಾಹೀರಾತುಗಳನ್ನು ನೋಡಿ ಬೆಲೆಗಳನ್ನು ಬರೆದುಕೊಳ್ಳಬೇಕು. ತೀರಾ ಹೆಚ್ಚಿನದನ್ನೂ ತೀರಾ ಕಡಿಮೆಯದನ್ನೂ ಬಿಟ್ಟು ನಡುವಿನದನ್ನು ಹಿಡಿಯಬೇಕು. ಆದರೆ ಜಾಹೀರಾತಿನಲ್ಲಿರುವುದು ಕೇಳುವ ಬೆಲೆಯೇ ಹೊರತು ಮಾರಾಟವಾದ ಬೆಲೆಯಲ್ಲ. ಮೂರು ತಿಂಗಳಿಂದ ಅಲ್ಲೇ ಇರುವ ಜಾಹೀರಾತು ಆ ಬೆಲೆಗೆ ಯಾರೂ ಕೊಳ್ಳುತ್ತಿಲ್ಲ ಎಂಬುದಕ್ಕೆ ಸಾಕ್ಷಿ. ಊರಿನ ಇಬ್ಬರು ಮೆಕ್ಯಾನಿಕ್‌ಗಳನ್ನೂ ಒಬ್ಬ ದಲ್ಲಾಳಿಯನ್ನೂ ಬೇರೆಬೇರೆಯಾಗಿ ಕೇಳಿದರೆ ನಿಜವಾಗಿ ಕೈಬದಲಾದ ಹಣದ ಅಂದಾಜು ಸಿಗುತ್ತದೆ.

ವಿಮಾ ಪತ್ರದಲ್ಲಿರುವ ಘೋಷಿತ ಮೌಲ್ಯವನ್ನೂ ನೋಡಬಹುದು. ಐಡಿವಿ ಎಂದು ಕರೆಯುವ ಈ ಮೊತ್ತ ಹೊಸ ಬೆಲೆಯಿಂದ ವರ್ಷಕ್ಕಿಷ್ಟು ಎಂದು ಕಳೆಯುತ್ತಾ ಬರುತ್ತದೆ: ನಾಲ್ಕು ವರ್ಷ ದಾಟಿ ಐದು ವರ್ಷದೊಳಗಿನ ಗಾಡಿಗೆ ಶೇಕಡಾ 50ರಷ್ಟು ಸವಕಳಿ ಹಿಡಿಯಲಾಗುತ್ತದೆ, ಐದು ವರ್ಷ ದಾಟಿದ ಮೇಲೆ ಕಂಪನಿಯೂ ಮಾಲೀಕರೂ ಒಪ್ಪಿ ನಿಗದಿ ಮಾಡಿಕೊಳ್ಳುತ್ತಾರೆ. ಜೀಪುಗಳು ಮಾರುಕಟ್ಟೆಯಲ್ಲಿ ಇಷ್ಟು ಬೇಗ ಬೆಲೆ ಕಳೆದುಕೊಳ್ಳದ ಕಾರಣ ಐಡಿವಿಯನ್ನೇ ಬೆಲೆಯೆಂದು ವಾದಿಸಿದರೆ ಯಾರೂ ಗಾಡಿ ಕೊಡುವುದಿಲ್ಲ. ಮಾಲೀಕರು ಹಾಕಿಸಿದ ವಿಂಚ್, ದೀಪ ಮುಂತಾದವನ್ನು ವಿಮೆಯಲ್ಲಿ ಪ್ರತ್ಯೇಕವಾಗಿ ತೋರಿಸಿದ್ದಾರೆಯೇ ಎಂಬುದು ಮಾತ್ರ ಆ ಪತ್ರದಿಂದ ಖಚಿತವಾಗಿ ತಿಳಿಯುತ್ತದೆ.

ಯಾವ ಮಾರ್ಪಾಡಿಗೆ ಎಷ್ಟು

ಟೈರಿನಿಂದ ಆರಂಭಿಸೋಣ, ಏಕೆಂದರೆ ಕಣ್ಣಿಗೆ ಮೊದಲು ಬೀಳುವುದೂ ಹೆಚ್ಚು ತಪ್ಪು ಲೆಕ್ಕವಾಗುವುದೂ ಅದೇ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಅಚ್ಚು ಇರುತ್ತದೆ. ಅದು 2321 ಎಂದಿದ್ದರೆ ಟೈರು ತಯಾರಾದದ್ದು 2021ರ 23ನೇ ವಾರದಲ್ಲಿ. ರಾಯಚೂರಿನ ಬೇಸಿಗೆಯಲ್ಲಿ ವರ್ಷಗಟ್ಟಲೆ ಬಯಲಿನಲ್ಲಿ ನಿಂತ ಟೈರಿನ ಗುಂಡಿಗಳು ಆಳವಾಗಿಯೇ ಕಂಡರೂ ಪಕ್ಕದ ರಬ್ಬರು ಒಣಗಿ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ; ಅಂಥ ಟೈರಿಗೆ ಏನನ್ನೂ ಸೇರಿಸಬಾರದು. ಇನ್ನೊಂದು ಸೂಕ್ಷ್ಮವೆಂದರೆ, ನೀವು ಹಿಡಿದ ಮೂಲಬೆಲೆಯಲ್ಲಿ ಕಂಪನಿಯ ಟೈರುಗಳು ಈಗಾಗಲೇ ಸೇರಿವೆ. ಆದ್ದರಿಂದ ದೊಡ್ಡ ಟೈರಿಗೆ ಸೇರಿಸಬೇಕಾದದ್ದು ವ್ಯತ್ಯಾಸದ ಮೊತ್ತ ಮಾತ್ರ, ಅದೂ ಸವೆತ ಕಳೆದ ಮೇಲೆ.

ದೊಡ್ಡ ಟೈರು ಓಡಿದ ದೂರವನ್ನೂ ಮರೆಮಾಚುತ್ತದೆ. ಹಳೆಯ ಥಾರ್‌ನ ಟೈರಿನ ಅಳತೆ 235/70 ಆರ್ 16. ಅಂದರೆ ಅಗಲ 235 ಮಿಲಿಮೀಟರ್, ಪಕ್ಕದ ಎತ್ತರ ಆ ಅಗಲದ ಶೇಕಡಾ 70, ರಿಮ್ಮಿನ ವ್ಯಾಸ 16 ಇಂಚು. ಕೂಡಿ ನೋಡಿದರೆ ಚಕ್ರದ ಒಟ್ಟು ವ್ಯಾಸ ಸುಮಾರು 735 ಮಿಲಿಮೀಟರ್. ಅದರ ಜಾಗದಲ್ಲಿ 265/75 ಆರ್ 16 ಹಾಕಿಸಿದರೆ ವ್ಯಾಸ ಸುಮಾರು 804 ಮಿಲಿಮೀಟರಿಗೆ ಏರುತ್ತದೆ. ಮೀಟರು ಎಣಿಸುವುದು ಚಕ್ರ ಎಷ್ಟು ಸುತ್ತು ತಿರುಗಿತು ಎಂಬುದನ್ನು. ಚಕ್ರ ದೊಡ್ಡದಾದಷ್ಟೂ ಒಂದೊಂದು ಸುತ್ತಿಗೂ ಗಾಡಿ ಹೆಚ್ಚು ದೂರ ಸಾಗುತ್ತದೆ. ಇಲ್ಲಿ ವ್ಯತ್ಯಾಸ ಶೇಕಡಾ 9ರಷ್ಟು. ದೊಡ್ಡ ಟೈರಿನ ಮೇಲೆ ಓಡಿದ್ದು ಮೀಟರಿನಲ್ಲಿ 60,000 ಕಿಲೋಮೀಟರ್ ಎಂದಿದ್ದರೆ ನಿಜವಾಗಿ ಓಡಿದ್ದು ಸುಮಾರು 65,500. ಯಾರೂ ಮೀಟರು ತಿದ್ದದೆಯೇ ಆಗುವ ವ್ಯತ್ಯಾಸವಿದು. ಜೊತೆಗೆ ಭಾರವಾದ ದೊಡ್ಡ ಚಕ್ರವನ್ನು ತಿರುಗಿಸಲು ಕ್ಲಚ್ ಹೆಚ್ಚು ಸವೆಯುತ್ತದೆ, ನಿಲ್ಲಿಸಲು ಬ್ರೇಕಿಗೂ ಹೆಚ್ಚು ಕೆಲಸ, ಸ್ಟೇರಿಂಗ್ ಕೀಲುಗಳಿಗೂ ಹೆಚ್ಚು ಪೆಟ್ಟು.

ಲಿಫ್ಟ್ ಕಿಟ್‌ನಲ್ಲಿ ಎರಡು ಬಗೆ. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗಳನ್ನು ಜೋಡಿಯಾಗಿ ಬದಲಿಸಿ, ಅದಕ್ಕೆ ತಕ್ಕ ಅಲೈನ್‌ಮೆಂಟ್ ಮಾಡಿಸಿ, ಬಿಲ್ಲು ಇಟ್ಟುಕೊಂಡಿರುವುದು ಒಂದು ಬಗೆ. ಇನ್ನೊಂದು ಅಗ್ಗದ ದಾರಿ. ಹಳೆಯ ಥಾರ್‌ನ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗಿನ ಬದಲು ತಿರುಚಿಕೊಂಡು ಭಾರ ಹೊರುವ ಉಕ್ಕಿನ ಸರಳು, ಅಂದರೆ ಟಾರ್ಷನ್ ಬಾರ್ ಇದೆ. ಅದರ ಬೋಲ್ಟು ಬಿಗಿದರೆ ಸಾಕು, ಗಾಡಿಯ ಮೂತಿ ಮೇಲೇಳುತ್ತದೆ. ಹೀಗೆ ಎತ್ತರಿಸಿದ ಗಾಡಿ ಗುಂಡಿಗೆ ಬಿದ್ದಾಗ ಕುಲುಕುತ್ತದೆ, ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟ್‌ಗಳು ಓರೆಯಾಗಿ ದುಡಿದು ಅವುಗಳ ರಬ್ಬರ್ ಬೂಟು ಹರಿಯುತ್ತದೆ. ಮೊದಲನೆಯ ಬಗೆಗೆ ಖರ್ಚಿನ ಕಾಲುಭಾಗ ಸೇರಿಸಬಹುದು. ಎರಡನೆಯದಕ್ಕೆ ಸೇರಿಸುವುದಲ್ಲ, ಕಳೆಯಬೇಕು. ನಾಲ್ಕೂ ಕಡೆ ಪಾಟಾ, ಅಂದರೆ ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಸ್ಪ್ರಿಂಗ್ ಇರುವ ಜಿಪ್ಸಿಯಲ್ಲಿ ಎತ್ತರಿಸುವ ಕೆಲಸ ಒರಟಾಗಿದ್ದರೆ, ಒಂದು ವೇಗ ದಾಟುತ್ತಲೇ ಸ್ಟೇರಿಂಗ್ ಎಡಬಲಕ್ಕೆ ಜೋರಾಗಿ ಹೊಡೆದುಕೊಳ್ಳುವುದುಂಟು. ಪರೀಕ್ಷೆಗೆ ಓಡಿಸುವಾಗ ಗಂಟೆಗೆ 60, 80 ಕಿಲೋಮೀಟರ್ ವೇಗದಲ್ಲಿ ಒಮ್ಮೆ ನೋಡದೆ ಹಿಂದಿರುಗಬಾರದು.

ವಿಂಚ್ ಬಿಚ್ಚಿ ಬೇರೆಯಾಗಿ ಮಾರಬಹುದಾದ ವಸ್ತು, ಆದ್ದರಿಂದ ಕೆಲಸ ಮಾಡುತ್ತಿದ್ದರೆ ಅರ್ಧದ ಹತ್ತಿರ ಬೆಲೆ ಉಳಿಸಿಕೊಳ್ಳುತ್ತದೆ. ಹಗ್ಗವನ್ನು ಪೂರ್ತಿ ಬಿಚ್ಚಿಸಿ, ಭಾರಕ್ಕೆ ಕಟ್ಟಿ ಎಳೆಸಿಯೇ ನೋಡಬೇಕು. ಒಂದು ಚಕ್ರ ಜಾರಿದರೂ ಇನ್ನೊಂದು ತಿರುಗುವಂತೆ ಎರಡನ್ನೂ ಕಟ್ಟಿಹಾಕುವ ಡಿಫರೆನ್ಷಿಯಲ್ ಲಾಕ್ ನಿಜವಾಗಿ ಉಪಯೋಗದ್ದು, ಕೇಳಿ ಕೊಳ್ಳುವವರಿದ್ದಾರೆ. ಸ್ನಾರ್ಕೆಲ್ ಬಗ್ಗೆ ಒಂದು ಮಾತು: ಅದು ಎಂಜಿನ್ ಗಾಳಿ ಎಳೆದುಕೊಳ್ಳುವ ಜಾಗವನ್ನು ಮೇಲಕ್ಕೆ ಒಯ್ಯುತ್ತದೆಯೇ ಹೊರತು ಗೇರ್ ಬಾಕ್ಸ್, ವೈರಿಂಗ್, ಬೇರಿಂಗುಗಳನ್ನು ನೀರಿನಿಂದ ಕಾಯುವುದಿಲ್ಲ. ಸ್ನಾರ್ಕೆಲ್ ಕಂಡಕೂಡಲೇ ಈ ಗಾಡಿ ಎಷ್ಟು ಹಳ್ಳ ದಾಟಿದೆ ಎಂದು ಕೇಳುವುದು ಜಾಣತನ. ದೀಪ, ಸಂಗೀತ, ಸ್ಟಿಕರು, ಬಣ್ಣಗಳಿಗೆ ಹೆಚ್ಚೆಂದರೆ ಹೊಗಳಿಕೆ ಕೊಡಬಹುದು.

ನೆಲ ಬಿಟ್ಟ ಗುರುತು

ಎತ್ತಿನ ಸಂತೆಯಲ್ಲಿ ಕೊಂಬಿಗೆ ಬಳಿದ ಬಣ್ಣ ನೋಡಿ ಯಾರೂ ಬೆಲೆ ಕಟ್ಟುವುದಿಲ್ಲ. ಹಲ್ಲು, ಗೊರಸು, ನೊಗ ಕೂತ ಹೆಗಲು ನೋಡುತ್ತಾರೆ. ಜೀಪಿನಲ್ಲೂ ಅದು ದುಡಿದ ನೆಲ ತನ್ನ ಗುರುತು ಬಿಟ್ಟಿರುತ್ತದೆ, ಮತ್ತು ನಮ್ಮ ನಾಲ್ಕು ಜಿಲ್ಲೆಗಳಲ್ಲಿ ನೆಲ ಒಂದೇ ಬಗೆಯದಲ್ಲ.

ಸಂಡೂರು, ಹೊಸಪೇಟೆ ಕಡೆಯ ಗಣಿ ರಸ್ತೆಗಳಲ್ಲಿ ಓಡಿದ ಗಾಡಿಗೆ ಕಬ್ಬಿಣದ ಅದಿರಿನ ಕೆಂಪು ಧೂಳು ಅಂಟಿರುತ್ತದೆ. ಮೈ ತೊಳೆದರೂ ಸೀಟಿನ ಹಳಿಯ ಕೆಳಗೆ, ಬಾಗಿಲಿನ ರಬ್ಬರಿನ ಒಳಗೆ, ಬೆಲ್ಟಿನ ಸುರುಳಿಯಲ್ಲಿ ಅದು ಉಳಿದಿರುತ್ತದೆ. ಧೂಳು ಕಂಡದ್ದೇ ದೋಷವಲ್ಲ. ಏರ್ ಫಿಲ್ಟರ್ ತೆಗೆಸಿ, ಅದರ ಶುದ್ಧ ಗಾಳಿಯ ಬದಿಯಲ್ಲಿ, ಅಂದರೆ ಎಂಜಿನ್ನಿನ ಕಡೆಯ ಕೊಳವೆಯಲ್ಲಿ ಬೆರಳಾಡಿಸಿ ನೋಡಬೇಕು. ಅಲ್ಲೂ ಕೆಂಪು ಹತ್ತಿದರೆ ಧೂಳು ಟರ್ಬೊಗೂ ಸಿಲಿಂಡರಿಗೂ ಹೋಗಿದೆ ಎಂದರ್ಥ, ಸಾಣೆ ಕಲ್ಲಿನಂತೆ ಒಳಗೆ ಉಜ್ಜಿದೆ ಎಂದರ್ಥ. ಅಂಥ ಗಾಡಿಗೆ ಎಂಜಿನ್ ಕೆಲಸದ ಹಣವನ್ನು ಮೊದಲೇ ಕಳೆಯಬೇಕು.

ತುಂಗಭದ್ರಾ ನಾಲೆಯ ನೀರಾವರಿ ಇರುವ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ತೊಂದರೆ ಬೇರೆ: ಕೆಸರು. ಭತ್ತದ ಗದ್ದೆಯ ದಾರಿಯಲ್ಲಿ ಆಕ್ಸಲಿನವರೆಗೆ ಹೂತು ಎದ್ದ ಗಾಡಿಯ ಡಿಫರೆನ್ಷಿಯಲ್‌ಗೆ ನೀರು ಸೇರಿರಬಹುದು. ಓಡಿ ಬಿಸಿಯಾದ ಅದರ ಹೊರಕವಚ ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಕುಗ್ಗಿದ ಗಾಳಿಯ ಜಾಗ ತುಂಬಲು ಸೀಲು ಮತ್ತು ಗಾಳಿಯಾಡುವ ಸಣ್ಣ ರಂಧ್ರದ ಮೂಲಕ ನೀರು ಒಳಗೆ ಎಳೆದುಕೊಳ್ಳುತ್ತದೆ. ಬೋಲ್ಟು ಬಿಚ್ಚಿ ಆಯಿಲ್ ನೋಡಿದರೆ ಎರಡೇ ನಿಮಿಷದಲ್ಲಿ ತಿಳಿಯುತ್ತದೆ. ಜೇನಿನ ಬಣ್ಣವಿದ್ದರೆ ಸರಿ. ಹಾಲು ಬೆರೆಸಿದ ಚಹಾದಂತಿದ್ದರೆ ಬೇರಿಂಗು, ಕ್ರೌನ್ ಗೇರುಗಳು ತುಕ್ಕು ಹಿಡಿದಿರುವ ಸಂಭವವಿದೆ. ಇಷ್ಟನ್ನು ನೋಡಲು ಮಾಲೀಕರು ಒಪ್ಪದಿದ್ದರೆ ಆ ನಿರಾಕರಣೆಯನ್ನೇ ಉತ್ತರವೆಂದು ತೆಗೆದುಕೊಳ್ಳಬಹುದು.

ಆನೆಗೊಂದಿ, ಕೊಪ್ಪಳದ ಬಂಡೆಗಳ ಮೇಲೆ ಹತ್ತಿಸಿ ಇಳಿಸಿದ ಗಾಡಿಯ ಹೊಟ್ಟೆಯಲ್ಲಿ ಗೀರುಗಳಿರುತ್ತವೆ. ಟ್ರಾನ್ಸ್‌ಫರ್ ಕೇಸಿನ ಕೆಳಗಿನ ತಟ್ಟೆಯ ಮೇಲಿನ ಗೀರು ಸಹಜ, ಚಾಸಿಯ ಪಟ್ಟಿಯ ಮೇಲಿನ ಹೊಸ ವೆಲ್ಡಿಂಗ್ ಸಹಜವಲ್ಲ. ನಮ್ಮ ಒಣ ಹವೆಯಲ್ಲಿ ತುಕ್ಕು ಕಡಿಮೆ. ಆದ್ದರಿಂದ ಚಾಸಿಯ ಒಳಭಾಗ ಪದರ ಪದರವಾಗಿ ಉದುರುತ್ತಿದ್ದರೆ ಗಾಡಿ ಕರಾವಳಿಯಿಂದ ಬಂದಿರಬಹುದೇ ಎಂದು ವಿಚಾರಿಸಬೇಕು. ಇನ್ನು ಫೋರ್ ಬೈ ಫೋರ್ ಹಾಕಿ ನೋಡುವುದನ್ನು ಡಾಂಬರು ರಸ್ತೆಯಲ್ಲಿ ಮಾಡಬಾರದು. ಮುಂದಿನ ಮತ್ತು ಹಿಂದಿನ ಆಕ್ಸಲುಗಳು ಒಂದಕ್ಕೊಂದು ಕಟ್ಟಿಹಾಕಿದಂತಾಗುವುದರಿಂದ ತಿರುವಿನಲ್ಲಿ ಚಕ್ರಗಳು ಜಾರಲಾಗದೆ ಗೇರುಗಳ ಮೇಲೆ ಒತ್ತಡ ಬೀಳುತ್ತದೆ. ಸಡಿಲ ಮಣ್ಣಿನಲ್ಲಿ ಫೋರ್ ಬೈ ಫೋರಿನ ಹೈ (ಸಾಮಾನ್ಯ ವೇಗದ್ದು), ಲೋ (ನಿಧಾನದ, ಹೆಚ್ಚು ಎಳೆತದ್ದು) ಎರಡನ್ನೂ ಹಾಕಿ ತೆಗೆದು ನೋಡಬೇಕು.

ಗಂಗಾವತಿಯ ಭತ್ತದ ವ್ಯಾಪಾರದಲ್ಲಿ ತೇವಾಂಶ ಅಳೆದು ಅದಕ್ಕೆ ತಕ್ಕಂತೆ ದರ ಇಳಿಸುವುದನ್ನು ಯಾರೂ ಅವಮಾನವೆಂದು ಭಾವಿಸುವುದಿಲ್ಲ. ಕಂಡ ದೋಷಗಳಿಗೆ ಮೆಕ್ಯಾನಿಕ್‌ನಿಂದ ಅಂದಾಜು ಬರೆಸಿಕೊಂಡು ಕಳೆಯುವುದೂ ಅಂಥದ್ದೇ ವ್ಯವಹಾರ.

ಕಾಗದದಲ್ಲಿರುವ ಗಾಡಿ, ಎದುರಿಗಿರುವ ಗಾಡಿ

ಬೆಲೆಯ ಮೇಲೆ ಕಾನೂನಿನ ಪ್ರಭಾವವನ್ನು ಬಹಳ ಮಂದಿ ಲೆಕ್ಕಕ್ಕೇ ಹಿಡಿಯುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಮುಂದೆ ಕೂರಿಸುವ ಉಕ್ಕಿನ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು.

ದಂಡಕ್ಕಿಂತ ಮುಖ್ಯವಾದದ್ದು ನೋಂದಣಿಯ ಅವಧಿ. ಖಾಸಗಿ ಗಾಡಿಯ ಆರ್.ಸಿ. 15 ವರ್ಷಕ್ಕೆ, ನಂತರ ತಪಾಸಣೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು. 2015ರಲ್ಲಿ ನೋಂದಣಿಯಾದ ಜೀಪು 2030ರಲ್ಲಿ ಆರ್.ಟಿ.ಒ. ಎದುರು ನಿಲ್ಲಬೇಕು. ಆಗ ಮೂಲ ಬಂಪರು, ಮೂಲ ಚಕ್ರ, ಮೂಲ ಸ್ಪ್ರಿಂಗುಗಳನ್ನು ಹುಡುಕುವ ಪಾಡು ನಿಮ್ಮದು. ಆದ್ದರಿಂದಲೇ ಬಿಚ್ಚಿಟ್ಟ ಕಂಪನಿ ಸಾಮಾನು ಮನೆಯ ಹಿತ್ತಲಲ್ಲಿ ಇದೆಯೇ ಎಂಬ ಪ್ರಶ್ನೆಗೆ ವಿಂಚಿನ ಪ್ರಶ್ನೆಗಿಂತ ಹೆಚ್ಚು ತೂಕವಿದೆ.

ಎಂಜಿನ್ ಮತ್ತು ಚಾಸಿ ನಂಬರುಗಳನ್ನು ಆರ್.ಸಿ. ಜೊತೆ ಅಕ್ಷರ ಅಕ್ಷರ ಹೋಲಿಸಬೇಕು. ಬೇರೆ ಎಂಜಿನ್ ಕೂರಿಸಿ ಆರ್.ಸಿ.ಯಲ್ಲಿ ದಾಖಲಿಸದ ಗಾಡಿಗೆ ಬಿಡಿಭಾಗಗಳ ಬೆಲೆಯ ಹೊರತು ಬೇರೆ ಬೆಲೆಯಿಲ್ಲ. ಸಾಲದ ನಮೂದು ಇದ್ದರೆ ಅದನ್ನು ತೆಗೆಸಲು ಸಾಲ ತೀರಿತೆಂದು ಬ್ಯಾಂಕು ಸಹಿ ಮಾಡಿದ ನಮೂನೆ 35 ಬೇಕು. ಕೆಎ-34 ಬಳ್ಳಾರಿಯದು, ಕೆಎ-35 ಹೊಸಪೇಟೆಯದು, ಕೆಎ-36 ರಾಯಚೂರಿನದು, ಕೆಎ-37 ಕೊಪ್ಪಳದ್ದು. ಇವುಗಳ ನಡುವೆ ಬೆಲೆಯ ವ್ಯತ್ಯಾಸ ಹುಡುಕಬೇಕಿಲ್ಲ. ಆಂಧ್ರ, ತೆಲಂಗಾಣದ ನಂಬರಿದ್ದರೆ ಮಾತ್ರ ಅಲ್ಲಿನ ನಿರಾಕ್ಷೇಪಣಾ ಪತ್ರವೂ ಕರ್ನಾಟಕದ ತೆರಿಗೆಯೂ ಸೇರುತ್ತವೆ. ಗಡಿಯಾಚೆಯ ಗಾಡಿ ಅಗ್ಗವಾಗಿ ಕಾಣಲು ಇದೂ ಒಂದು ಕಾರಣ.

ಒಂದು ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕದ ಕ್ರಮ ತೋರಿಸಲು ಊಹಿಸಿಕೊಂಡವು, ಮಾರುಕಟ್ಟೆಯ ದರಗಳಲ್ಲ. 2015ರ ಒಂದು ಥಾರ್. ಮಾರ್ಪಾಡಿಲ್ಲದಿದ್ದರೆ 7,00,000 ರೂಪಾಯಿ ಎಂದುಕೊಳ್ಳೋಣ. ಮಾಲೀಕರ ಬಳಿ ಟೈರು ಮತ್ತು ರಿಮ್ಮಿಗೆ 1,10,000, ಲಿಫ್ಟ್ ಕಿಟ್ಟಿಗೆ 90,000, ವಿಂಚಿಗೆ 60,000, ಬಂಪರಿಗೆ 40,000, ದೀಪ ಸೀಟುಗಳಿಗೆ 70,000, ಒಟ್ಟು 3,70,000 ರೂಪಾಯಿಗಳ ಬಿಲ್ಲುಗಳಿವೆ. ಅವರ ಲೆಕ್ಕದಲ್ಲಿ ಗಾಡಿಯ ಬೆಲೆ 10,70,000. “ನಿಮಗೆ ಅಂತ ಹತ್ತಕ್ಕೆ ಕೊಡ್ತೀನಿ ಸರ್” ಎನ್ನುತ್ತಾರೆ.

ಟೈರುಗಳು ಅರ್ಧ ಸವೆದಿವೆ, ವ್ಯತ್ಯಾಸಕ್ಕೆ 30,000 ಸೇರಿಸೋಣ. ಲಿಫ್ಟ್ ಕಿಟ್ ಒಳ್ಳೆಯ ಬಗೆಯದು, 25,000. ವಿಂಚ್ ಎಳೆಯುತ್ತದೆ, ಹಗ್ಗ ಹಳೆಯದು, 25,000. ಬಂಪರಿಗೆ ಏನೂ ಇಲ್ಲ. ಸೀಟು ಚೆನ್ನಾಗಿವೆ, 10,000. ಮೊತ್ತ 7,90,000 ಆಯಿತು. ಈಗ ಕಳೆಯುವುದು: ಕ್ಲಚ್ಚಿಗೆ 18,000, ಮುಂದಿನ ಬೇರಿಂಗು ಮತ್ತು ಹರಿದ ಬೂಟುಗಳಿಗೆ 22,000, ಕಾಣೆಯಾದ ಮೂಲ ಬಂಪರು ಮತ್ತು ಚಕ್ರಗಳಿಗೆ 45,000. ಉಳಿದದ್ದು 7,05,000. ಮೂರೂ ಮುಕ್ಕಾಲು ಲಕ್ಷದ ಹತ್ತಿರದ ಖರ್ಚು ಐದು ಸಾವಿರಕ್ಕೆ ಇಳಿಯಿತು. ಮಾಲೀಕರು ಮೂಲ ಸಾಮಾನನ್ನೆಲ್ಲ ಜೋಪಾನವಾಗಿಟ್ಟು ಜೊತೆಗೆ ಕೊಟ್ಟರೆ ಅದೇ ಗಾಡಿಗೆ 7,50,000 ಕೊಡುವುದು ನ್ಯಾಯ.

ಮಾತುಕತೆಯಲ್ಲಿ ಮಾಲೀಕರ ಆಸಕ್ತಿಯನ್ನು ಹಗುರವಾಗಿ ಕಾಣಬೇಕಿಲ್ಲ. ಇಷ್ಟಪಟ್ಟು ಕಟ್ಟಿದ ಗಾಡಿ ಅದು. ಒಮ್ಮೊಮ್ಮೆ ಅವರೇ ವಿಂಚ್, ಟೈರುಗಳನ್ನು ಬಿಚ್ಚಿ ಬೇರೆ ಮಾರಿಕೊಂಡು, ಗಾಡಿಯನ್ನು ಮೂಲರೂಪದಲ್ಲಿ ಕೊಡಲು ಒಪ್ಪುತ್ತಾರೆ. ಇಬ್ಬರಿಗೂ ಅದು ಲಾಭವಾಗುವುದುಂಟು.

ಬೆಲೆ ಒಪ್ಪಿದ ಮೇಲೆ ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಎದುರಿನಲ್ಲೇ ಸಹಿ ಹಾಕಿಸಿ, ಚಾಸಿ ನಂಬರಿನ ಪೆನ್ಸಿಲ್ ಅಚ್ಚನ್ನು ಗಾಡಿಯಿಂದಲೇ ತೆಗೆದುಕೊಳ್ಳಬೇಕು. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್.ಟಿ.ಒ.ಗೆ ತಿಳಿಸಬೇಕು. ವಿಮೆಯನ್ನು ಹೆಸರಿಗೆ ಬದಲಿಸಿಕೊಳ್ಳುವಾಗ ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗಾಗಿ ಕಂತಿನಲ್ಲಿ ಸಿಗುವ ರಿಯಾಯಿತಿ, ಗಾಡಿಯ ಜೊತೆ ಬರುವುದಿಲ್ಲ, ಅದು ಅವರದೇ. ಆ ವ್ಯತ್ಯಾಸದ ಕಂತನ್ನು ನೀವು ಕಟ್ಟಬೇಕಾಗುತ್ತದೆ. ಉಳಿಸಿಕೊಂಡ ಮಾರ್ಪಾಡುಗಳನ್ನು ಅದೇ ಹೊತ್ತಿಗೆ ಕಂಪನಿಗೆ ಲಿಖಿತವಾಗಿ ತಿಳಿಸಬೇಕು, ಏಕೆಂದರೆ ತಿಳಿಸದ ಬದಲಾವಣೆಯನ್ನು ಕಾರಣವಾಗಿ ಒಡ್ಡಿ ಅಪಘಾತದ ಪರಿಹಾರವನ್ನು ಅವರು ತಡೆಹಿಡಿಯಬಹುದು.